ಹೊಸ್ತಿಲ ಮುಂದೆ ನಿಂತ ಸೈಕಲ್ಲು

ನಮ್ಮ ಸೋದರತ್ತೆಗೆ ಬೀದಿಯವರು ಇಟ್ಟ ಹೆಸರು ಬ್ರೇಕ್ ಅತ್ತೆ. ನನ್ನನ್ನು ಸಾಕಿದ್ದೂ ಅವಳೇ, ಸೈಕಲ್ ರಿಪೇರಿ ಕಲಿಸಿದ್ದೂ ಅವಳೇ. ಮನೆ ಇಳಿಜಾರಿನ ಮೇಲೆ, ಅಂಗಡಿ ಕೆಳಗೆ. ದಿನಾ ಬೆಳಿಗ್ಗೆ ಅತ್ತೆ ಭರ್ರನೆ ಇಳಿದು ಬಂದು, ಮುಂದಿನ ಚಕ್ರ ಹೊಸ್ತಿಲಿಗೆ ತಾಕಿಯೂ ತಾಕದ ಹಾಗೆ ನಿಲ್ಲುತ್ತಿದ್ದಳು. ಅಂಗಡಿಗೆ ಹೆಸರಿನ ಹಲಗೆ ಇರಲಿಲ್ಲ. ಯಾರಾದರೂ ಕೇಳಿದರೆ, "ನಾನು ನಿಂತಿದ್ದು ನೋಡಿದ್ರಲ್ಲ, ಅದೇ ಬೋರ್ಡು" ಎನ್ನುತ್ತಿದ್ದಳು. ಜಂಬಕ್ಕೇನೂ ಕಡಿಮೆಯಿರಲಿಲ್ಲ ಬಿಡಿ.

ಅರವತ್ತು ದಾಟಿದ ಮೇಲೆ ಅವಳ ಬೆರಳಿನ ಗಂಟುಗಳು ಊದಿಕೊಂಡವು. ಸೈಕಲ್ಲಿಗೆ ಡಿಸ್ಕ್ ಬ್ರೇಕೇ ಇತ್ತು, ಆದರೆ ವೈರು ಎಳೆಯುವಂಥದು. ಕೈಯಲ್ಲಿ ಬಲ ಇದ್ದಷ್ಟೇ ಹಿಡಿತ. ಒಂದು ಬೆಳಿಗ್ಗೆ ಒತ್ತಲಾಗದೆ, ಕಾದು ನಿಂತ ಗಿರಾಕಿಗಳ ಕಣ್ಣೆದುರೇ ಹೊಸ್ತಿಲು ದಾಟಿ, ಪಂಕ್ಚರ್ ನೋಡುವ ನೀರಿನ ತೊಟ್ಟಿಗೆ ಗುದ್ದಿದಳು. ನೀರೆಲ್ಲ ಮೈಮೇಲೆ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ಬ್ರೇಕ್ ಹಿಡಿಯೋಕಾಗದವಳ ಹತ್ರ ಬ್ರೇಕ್ ರಿಪೇರಿಗೆ ಯಾರು ಬರ್ತಾರೆ? ಅಂಗಡಿ ಮುಚ್ಚಿಬಿಡೋಣ ಕಣೇ" ಎಂದಳು.

"ಎಣ್ಣೆ ಬ್ರೇಕ್ ಹಾಕ್ತೀನಿ ಅತ್ತೆ. ವೈರಿನ ಬದಲು ಪೈಪಲ್ಲಿರೋ ಎಣ್ಣೆನೇ ಒತ್ತುತ್ತೆ, ಒಂದು ಬೆರಳು ಸಾಕು."

"ಬೇಡ. ವೈರು ಸವೆದ್ರೆ ಎಳೆ ಬಿಚ್ಕೊಂಡು ಕಣ್ಣಿಗೆ ಕಾಣುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಸ್ಪ್ಯಾನರ್ ಇದ್ರೆ ದಾರೀಲೇ ಸರಿಮಾಡ್ಕೋಬಹುದು. ನಿನ್ನ ಎಣ್ಣೆ ಪೈಪೊಳಗೆ ಗಾಳಿ ಹೊಕ್ಕರೆ ಬ್ರೇಕೇ ಹಿಡಿಯಲ್ಲ, ಅದು ನಂಗೆ ಮೊದ್ಲೇ ಹೇಗೆ ಗೊತ್ತಾಗ್ಬೇಕು?"

"ಆ ಗಾಳಿ ತೆಗೆಯೋಳು ನಾನಲ್ವಾ? ನೀನೇ ಕೆಲಸ ಕಲಿಸಿದ್ದು. ನನ್ನ ನಂಬಲ್ವಾ?"

ಅತ್ತೆ ಕೊನೆಗೆ ಮುಂದಿನ ಚಕ್ರಕ್ಕೆ ಮಾತ್ರ ಒಪ್ಪಿದಳು. "ಹಿಂದೆ ವೈರೇ ಇರ್ಲಿ. ಹೊಸಬರ ಜೊತೆ ಹೊರಡುವಾಗ ಹಳಬರೊಬ್ಬರು ಇರಬೇಕು."

ಮರುದಿನ ಗಿರಾಕಿಗಳ ಜೊತೆ ನಾನೂ ಜೀವ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೆ. ಅತ್ತೆ ಹಳೆಯ ವೇಗದಲ್ಲೇ ಇಳಿದಳು, ಊದಿದ ಒಂದೇ ಬೆರಳಲ್ಲಿ ಬ್ರೇಕ್ ಒತ್ತಿದಳು. ಹೊಸ್ತಿಲು ಇನ್ನೂ ಎರಡು ಮಾರು ದೂರ ಇರುವಾಗಲೇ ಸೈಕಲ್ಲು ನಿಂತುಬಿಟ್ಟಿತು. ಅವಳು ಆ ಬೆರಳನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿತ್ತು, ಮಾತು ಮಾತ್ರ ಖಾರ.

"ಬೇಗ ನಿಲ್ತು. ನಾಳೆ ಸರಿಯಾಗಿ ನಿಲ್ಲಿಸ್ತೀನಿ. ಏನು ನೋಡ್ತಿದ್ದೀಯ? ಕೆಲಸ ಶುರು ಮಾಡು."

ಮರುದಿನ ಮತ್ತೆ ಹೊಸ್ತಿಲ ಅಂಚಿಗೇ ನಿಂತಳು; ಆ ನಾಳೆ ಒಂಬತ್ತು ವರ್ಷ ನಡೆಯಿತು.

ಈಗ ಅದೇ ಸೈಕಲ್ಲಿನಲ್ಲಿ ನಾನು ಇಳಿದು ಬರುತ್ತೇನೆ. ಮುಂದಿನ ಪೈಪಿನ ಗಾಳಿ ತೆಗೆಯುತ್ತೇನೆ, ಹಿಂದಿನದಕ್ಕೆ ವರ್ಷಕ್ಕೊಮ್ಮೆ ಹೊಸ ವೈರು ಹಾಕುತ್ತೇನೆ. ಅತ್ತೆ ಇದ್ದಿದ್ದರೆ ಎಂದು ದಿನಾ ಅನ್ನಿಸುತ್ತದೆ. ಹೊಸ್ತಿಲಿಗೆ ತಾಕಿಯೂ ತಾಕದ ಹಾಗೆ ನಿಲ್ಲುವುದು ನನಗಿನ್ನೂ ಬಂದಿಲ್ಲ. ಅಂಗಡಿಗೆ ಬೋರ್ಡು ಹಾಕಿಸಿದ್ದೇನೆ.