ಬೆನ್ಸನ್ ಟೌನಿನಿಂದ ಕೆ.ಆರ್. ಪುರಕ್ಕೆ ಒಂದು ಬಾಗಿಲು

ನಾಲ್ಕು ಇಂಚಿನ ಹಿತ್ತಾಳೆ ಚಿಲಕ, ಅದಕ್ಕೆ ಆರು ಸ್ಕ್ರೂ. ಹಿಂದಿನ ವಾರ ಶಿವಾಜಿನಗರದ ಅಂಗಡಿಯೊಂದರಲ್ಲಿ ಆರಿಸಿ, ಕಾಗದದಲ್ಲಿ ಸುತ್ತಿಸಿ, ಬಡಗಿ ಗೌಸ್ ಸಾಬರ ಕೈಗೆ ಕೊಟ್ಟು ಬಂದಿದ್ದೆ. ಕೊಳ್ಳುವ ಮುಂಚೆ ನಾಲ್ಕೈದು ಸಲ ಎಳೆದು ಹಾಕಿ ನೋಡಿದ್ದೆ. ಸದ್ದು ಹೆಚ್ಚಿರಲಿಲ್ಲ, ಆದರೆ ಕೇಳಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಾನೂ ಅಮ್ಮನೂ ಬೆನ್ಸನ್ ಟೌನ್ ಬಿಟ್ಟೆವು. ಹೋಗಬೇಕಾಗಿದ್ದುದು ಕೆ.ಆರ್. ಪುರದ ಬಾಡಿಗೆ ಕೋಣೆಗೆ, ಸುತ್ತು ಸೇರಿ ಸುಮಾರು ಹದಿನೈದು ಕಿಲೋಮೀಟರು. ಸಾಮಾನು ಸಾಗಿಸುವ ಪುಟ್ಟ ಲಾರಿಗೆ, ಹೇರಿ ಇಳಿಸುವುದೂ ಸೇರಿ, ಎರಡು ಸಾವಿರದ ಇನ್ನೂರು ರೂಪಾಯಿ. ಡ್ರೈವರ್ ಮುರುಗೇಶ್ ಹಲಸೂರಿನವರು, ನಲವತ್ತರ ಆಸುಪಾಸು. ನಮ್ಮ ಗಂಟುಮೂಟೆ ನೋಡಿ, "ಇಷ್ಟೇನಾ ಮೇಡಂ? ಇದಕ್ಕೆ ಆಟೋನೇ ಸಾಕಿತ್ತಲ್ಲ" ಎಂದರು.

"ಶಿವಾಜಿನಗರದಲ್ಲಿ ಇನ್ನೊಂದಿದೆ" ಎಂದೆ.

ಇಪ್ಪತ್ತಮೂರು ವರ್ಷ ನಾವಿದ್ದದ್ದು ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ. ಅಮ್ಮ ಆ ಮನೆಗೆ ಅಡುಗೆ ಮಾಡುತ್ತಿದ್ದಳು. ಎಂಟು ಅಡಿಗೆ ಒಂಬತ್ತು ಅಡಿಯ ಕೋಣೆ, ಗೋಡೆಗೆ ಸಿಮೆಂಟಿನಲ್ಲೇ ಕಟ್ಟಿದ ಒಂದು ಜಗಲಿ, ಇಬ್ಬರೂ ಮಲಗುತ್ತಿದ್ದದ್ದು ಅದರ ಮೇಲೆ. ಬಾಗಿಲಿಗೆ ಚಿಲಕವೇನೋ ಇತ್ತು, ಹಾಕುವಂತಿರಲಿಲ್ಲ. ಬಂಗಲೆಯ ನೀರಿನ ಮೋಟರ್ ಸ್ವಿಚ್ಚು ಇದ್ದದ್ದು ನಮ್ಮ ಗೋಡೆಯ ಮೇಲೆ. ನೀರು ನಿಂತರೆ ಮನೆಯವರೋ, ಅವರ ಡ್ರೈವರೋ, ಕೊಳಾಯಿ ರಿಪೇರಿಯವರೋ ನೆಟ್ಟಗೆ ಒಳಗೆ ಬಂದು ಒತ್ತಿ ಹೋಗುತ್ತಿದ್ದರು. ಕೆಟ್ಟವರಲ್ಲ. ತಟ್ಟಬೇಕೆಂದು ಅವರಿಗೆ ಹೊಳೆಯುತ್ತಿರಲಿಲ್ಲ, ಅಷ್ಟೆ. ಅಮ್ಮ ಸೀರೆ ಉಡುವಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ನಾನು ಬಟ್ಟೆ ಬದಲಿಸುವಾಗ ಅವಳು ನಿಲ್ಲುತ್ತಿದ್ದಳು.

ಈಗ ಬಂಗಲೆ ಮಾರಾಟವಾಗಿದೆ. ನನಗೆ ಕೆ.ಆರ್. ಪುರದ ಆಚೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಕೆಲಸ. ಸಿಕ್ಕಿದ್ದು ಹತ್ತಕ್ಕೆ ಹನ್ನೆರಡರ ಕೋಣೆ. ಕೋಣೆ ಒಂದೇ, ಜನ ಇಬ್ಬರು. ಅದರೊಳಗೆ ಅಮ್ಮನಿಗೆ ಒಂದು ಬಾಗಿಲು ಬೇಕೆಂದು ನಾನೇ ನಿರ್ಧರಿಸಿದ್ದೆ. ಅವಳಿಗೆ ಹೇಳಿರಲಿಲ್ಲ. ಮಂಚ ಮಾಡಿಸಿದ್ದೇನೆ ಎಂದಿದ್ದೆ, ಅಷ್ಟೇ.

ಶಿವಾಜಿನಗರದ ಓಣಿಗೆ ಲಾರಿ ನುಗ್ಗುವುದಿಲ್ಲ. ಮುರುಗೇಶ್ ಬೀದಿಯ ತುದಿಯಲ್ಲಿ ನಿಲ್ಲಿಸಿದರು. ಗೌಸ್ ಸಾಬರ ಅಂಗಡಿ ಎಂಟು ಅಡಿ ಅಗಲ. ತಲೆಯ ಮೇಲೆ ಹಲಗೆ ಹಾಸಿ ಮಾಡಿದ ಅಟ್ಟದಲ್ಲೇ ಅವರ ಸಂಸಾರ. ಮೇಲಿನಿಂದ ಮಸಾಲೆ ಹುರಿಯುವ ವಾಸನೆ, ಕೆಳಗೆ ಮರದ ಹೊಟ್ಟಿನ ವಾಸನೆ. ನಮ್ಮ ಮಂಚದ ಹಲಗೆಗಳನ್ನು ಒಂದರ ಮೇಲೊಂದು ಕಟ್ಟಿಟ್ಟಿದ್ದರು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಉರ್ದು ಅಂಕಿ. ನಾನು ಅವರನ್ನು ಕೇಳಿ ಕೇಳಿ ಪಕ್ಕದಲ್ಲಿ ನಮ್ಮ ಅಂಕಿ ಬರೆದುಕೊಂಡೆ.

"ಆರಡಿ ಎರಡಿಂಚು ಉದ್ದ, ಮೂರಡಿ ಅಗಲ, ಐದಡಿ ಎತ್ತರ. ಮೇಲ್ಗಡೆ ಗಾಳಿಗೆ ಜಾಲಿ. ಕೆಳಗಡೆ ಎರಡು ಡ್ರಾ" ಎಂದರು ಸಾಬರು. ಆಮೇಲೆ ಅಮ್ಮನ ಕಡೆ ತಿರುಗಿ, "ಸಣ್ಣ ಅರಮನೆ ಅಮ್ಮಾ! ಆರಾಮಾಗಿ ಮಲ್ಕೊಳ್ಳಿ."

ಅಮ್ಮ ಎರಡು ರೆಕ್ಕೆಯ ಬಾಗಿಲನ್ನು ಕೈಯಿಂದ ಸವರಿದಳು. "ಮಂಚಕ್ಕೆ ಬಾಗ್ಲು ಯಾಕೆ?"

"ನಿನಗೇ ಅಂತ."

"ನಾನು ಗೊರಕೆ ಹೊಡೀತೀನಿ ಅಂತಾನಾ?"

"ಅದಲ್ಲ" ಎಂದೆ. ಓಣಿಯಲ್ಲಿ ಸ್ಕೂಟರುಗಳು ಹಾರ್ನ್ ಹೊಡೆಯುತ್ತಿದ್ದವು, ಮುರುಗೇಶ್ ಹಲಗೆ ಹೊರಲು ಆಗಲೇ ಬಗ್ಗಿದ್ದರು. ಅಮ್ಮ ಕಾಫಿ ಫಿಲ್ಟರನ್ನು ಮಡಿಲಲ್ಲಿಟ್ಟುಕೊಂಡು ಲಾರಿಯ ಕಿಟಕಿ ಪಕ್ಕ ಕೂತಳು. ಬಿಸಿಲು ಏರಿತ್ತು.

ಹಲಸೂರು ಕೆರೆಯ ಬಳಿ ಮುರುಗೇಶ್ ಲಾರಿ ನಿಲ್ಲಿಸಿದರು. "ಹತ್ತು ನಿಮಿಷ ಮೇಡಂ. ನಮ್ಮನೆ ಇಲ್ಲೇ. ಮಜ್ಜಿಗೆ ಕುಡ್ಕೊಂಡು ಹೋಗೋಣ. ಮುಂದೆ ಟಿನ್ ಫ್ಯಾಕ್ಟರಿ ಹತ್ರ ಸಿಕ್ಕಾಕ್ಕೊಂಡ್ರೆ ನೀರೂ ಸಿಗಲ್ಲ."

ಅವರ ಮನೆ ಏಳು ಅಡಿ ಅಗಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಉಳಿದ ಪಟ್ಟಿ. ಅದರ ಮೇಲೆ ಮೂರು ಅಂತಸ್ತು, ಅಂತಸ್ತಿಗೊಂದು ಕೋಣೆ, ನಡುವೆ ಕಬ್ಬಿಣದ ಏಣಿ. ಕೆಳಗೆ ಅಡುಗೆ, ನಡುವೆ ಗಂಡಹೆಂಡತಿ, ಮೇಲೆ ಮುರುಗೇಶರ ಅಪ್ಪ. ನಡುವಿನ ಕೋಣೆಯ ಮಂಚಕ್ಕೆ ನಾಲ್ಕು ಹಗ್ಗ, ಎರಡು ರಾಟೆ. ಹಗಲು ಅದನ್ನು ಸೂರಿಗೆ ಎಳೆದು ಕಟ್ಟುತ್ತಾರೆ. ಮುರುಗೇಶರ ಹೆಂಡತಿ ಸೆಲ್ವಿ ಒಂದೇ ಕೈಯಲ್ಲಿ ಇಳಿಸಿ, ಏರಿಸಿ ತೋರಿಸಿದರು.

ಅಮ್ಮ ಬೆರಗಾಗಿ ನೋಡಿದಳು. "ಚೆನ್ನಾಗಿದೆ ಕಣಮ್ಮಾ. ಆದ್ರೆ ಬಾಗಿಲೇ ಇಲ್ವಲ್ಲ?"

"ಬಾಗ್ಲಿಗೆ ಜಾಗ ಎಲ್ಲಿ ಅಕ್ಕಾ? ಹತ್ತೋಕೆ ಮುಂಚೆ ಏಣಿ ತಟ್ಟಬೇಕು. ಮೇಲಿಂದ 'ಬಾ' ಅಂದ್ರೆ ಮಾತ್ರ ಹತ್ತೋದು. ನಮ್ ಮಾವನೂ ತಟ್ಟೇ ಬರ್ತಾರೆ."

"ನಾನೂ ತಟ್ತೀನಿ" ಎಂದರು ಮುರುಗೇಶ್. "ನನ್ ಮನೆ, ನನ್ ಹೆಂಡ್ತಿ. ಆದ್ರೂ ತಟ್ಬೇಕು. ಒಂದಿನ 'ಬರ್ಬೇಡ' ಅಂದ್ಬಿಟ್ಲು. ಅರ್ಧ ಗಂಟೆ ಕೆಳಗೇ ಕೂತಿದ್ದೆ."

"ಯಾಕ್ ಕೂರ್ಸಿದ್ದು ಅಂತಾನೂ ಹೇಳಿ ಅಕ್ಕನಿಗೆ!" ಎಂದರು ಸೆಲ್ವಿ. ಮುರುಗೇಶ್ ಮಜ್ಜಿಗೆ ಲೋಟ ಎತ್ತಿಕೊಂಡರು.

ಹೊರಡುವಾಗ ಅಮ್ಮ ಬಳೆಯಿಂದ ಆ ಏಣಿಯನ್ನು ಒಮ್ಮೆ ತಟ್ಟಿ ನೋಡಿದಳು. ಟಣ್ ಎಂದಿತು. ಆ ದಿನ ಮೊದಲ ಸಲ ನಕ್ಕಳು.

ಹಳೇ ಮದ್ರಾಸ್ ರಸ್ತೆ ಹಿಡಿದೆವು. ಬಲಕ್ಕೆ ಇಂದಿರಾನಗರ. ಬಾಗಿಲಿರುವ ಈ ಪೆಟ್ಟಿಗೆಯಂಥ ಮಂಚದ ಯೋಚನೆ ನನಗೆ ಹೊಳೆದದ್ದು ಅಲ್ಲೇ, ಚಕ್ರದ ಮೇಲಿನ ಪುಟ್ಟ ಮನೆಯೊಂದನ್ನು ಜನರಿಗೆ ತೋರಿಸಲು ಇಟ್ಟಿದ್ದ ಕಡೆ. ಮೆಟ್ಟಿಲೊಳಗೆ ಡ್ರಾ, ಗೋಡೆಯೊಳಗೆ ಮಡಚುವ ಮೇಜು. ಅಮ್ಮನಿಗೆ ವಿವರಿಸಿದೆ.

"ಅಂಥ ಮನೇಲಿ ಯಾರಿರ್ತಾರೆ?"

"ದೊಡ್ಡ ಮನೆ ಇರೋರು. ಊರಾಚೆ ತೋಟದಲ್ಲಿ ಇಟ್ಕೋತಾರಂತೆ, ವಾರಕ್ಕೊಂದಿನ ಹೋಗಿ ಬರೋಕೆ."

"ಅಷ್ಟೇ ಜಾಗದಲ್ಲಿ ನಾವು ಇಷ್ಟು ವರ್ಷ ಬಿಟ್ಟಿಯಾಗಿ ಇದ್ವಲ್ಲೇ" ಎಂದಳು ಅಮ್ಮ. ಮುರುಗೇಶ್ ಜೋರಾಗಿ ನಕ್ಕರು.

ಟಿನ್ ಫ್ಯಾಕ್ಟರಿ ಬಳಿ ಟ್ರಾಫಿಕ್ಕಿನಲ್ಲೇ ಐವತ್ತು ನಿಮಿಷ ಹೋಯಿತು. ತೂಗುಸೇತುವೆ ದಾಟಿ ಕೋಣೆ ತಲುಪಿದಾಗ ಒಂದೂವರೆ. ಒಂದೇ ಸಾಲಿನಲ್ಲಿ ಎಂಟು ಬಾಗಿಲು, ಮುಂದೆ ಬಟ್ಟೆಯ ತಂತಿ. ಪಕ್ಕದ ಕೋಣೆಯ ಮಲ್ಲಮ್ಮ ಯಾದಗಿರಿ ಕಡೆಯವರು; ಗಂಡಹೆಂಡತಿ ಇಬ್ಬರೂ ಕಟ್ಟಡದ ಕೆಲಸದವರು. ಆ ದಿನ ಮಲ್ಲಮ್ಮನವರಿಗೆ ರಜೆ. ಕೇಳುವ ಮೊದಲೇ ಬಂದು ಹಲಗೆಗೆ ಕೈ ಕೊಟ್ಟರು. ಅಂಕಿ ನೋಡಿ ಕೂಗುವುದು ನಾನು, ಎತ್ತಿ ಹಿಡಿಯುವುದು ಅವರು, ಸ್ಕ್ರೂ ತಿರುಗಿಸುವುದು ಮುರುಗೇಶ್. ಮೂರು ಗಂಟೆಗೆ ಪೆಟ್ಟಿಗೆ ಎದ್ದು ನಿಂತಿತು. ಗೋಡೆಗೂ ಅದಕ್ಕೂ ನಡುವೆ ಸರಿಯಾಗಿ ಎರಡು ಬೆರಳು ಜಾಗ ಉಳಿಯಿತು. ನನ್ನ ಅಳತೆ ತಪ್ಪಿರಲಿಲ್ಲ.

ಕೊನೆಗೆ ಬಾಗಿಲು ಕೂರಿಸಿದೆವು. ಮಲ್ಲಮ್ಮ ಹಿಂದೆ ಸರಿದು ನೋಡಿ ಸೆರಗು ಬಾಯಿಗಿಟ್ಟುಕೊಂಡರು. "ಇದೇನ್ರೀ ಅಕ್ಕೋರ, ಅವ್ವಾರ್‍ನ ಒಳಗ ಹಾಕಿ ಹೊರಗಿಂದ ಚಿಲಕ ಜಡೀತೀರೇನು? ಪಾಪ, ಏನ್ ತಪ್ಪು ಮಾಡ್ಯಾರ್ರೀ ಅವರು?"

ಹಿತ್ತಾಳೆ ಚಿಲಕ ಬಾಗಿಲಿನ ಹೊರಮೈ ಮೇಲೆ ಹೊಳೆಯುತ್ತಿತ್ತು. ಕಟ್ಟಿದ್ದ ಹಲಗೆಗಳ ನಡುವೆ ಬಾಗಿಲಿನ ಒಳಮೈ ಯಾವುದು, ಹೊರಮೈ ಯಾವುದು ಎಂದು ನನಗೆ ಗೊತ್ತಾಗಿರಲೇ ಇಲ್ಲ.

ಗೌಸ್ ಸಾಬರಿಗೆ ಫೋನ್ ಮಾಡಿದೆ. "ಅರೆ ಬೇಟಾ, ಜಿಂದಗಿ ಪೂರಾ ಬೀರೂನೇ ಮಾಡಿದ್ದು ನಾನು. ಕೈ ಹಂಗೇ ಹೋಗ್ಬಿಟ್ಟೈತೆ. ಬೀರೂಗೆ ಒಳಗಿಂದ ಚಿಲಕ ಯಾರು ಹಾಕ್ತಾರೆ, ನೀವೇ ಹೇಳಿ?" ಎಂದರು.

ಫೋನಿಟ್ಟು ತಿರುಗಿದಾಗ ಅಮ್ಮ ಕೋಣೆಯಲ್ಲಿರಲಿಲ್ಲ. ಹೊರಗೆ ನಲ್ಲಿಯ ಬಳಿ, ತೊಳೆದೇ ಇದ್ದ ಫಿಲ್ಟರನ್ನು ಮತ್ತೆ ತೊಳೆಯುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು: "ನನ್ ಪಕ್ಕ ಮಲಗೋದು ಬೇಡ ಅನ್ಸಿದ್ರೆ ಹೇಳ್ಬೋದಿತ್ತು. ಕೆಳಗೆ ಚಾಪೆ ಹಾಸ್ಕೋತಿದ್ದೆ. ಬೀರುವಲ್ಲಿಡೋದು ಬೇಕಿರಲಿಲ್ಲ."

ಮುರುಗೇಶ್, ಮಲ್ಲಮ್ಮ ಇಬ್ಬರೂ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದರು. ಆದರೂ ಹೇಳಿದೆ.

"ಆ ಚಿಲಕ ಒಳಗಡೆ ಇರಬೇಕಿತ್ತಮ್ಮಾ. ನೀನು ಹಾಕ್ಕೊಳ್ಳೋಕೆ. ಮೋಟರ್ ಒತ್ತೋಕೆ ಇನ್ನು ಯಾರೂ ಬರಲ್ಲ. ನಾನೂ ಕೇಳ್ದೆ ಬರಲ್ಲ."

ಅಮ್ಮ ನಲ್ಲಿ ನಿಲ್ಲಿಸಿದಳು. ಫಿಲ್ಟರಿನ ನೀರು ಕೊಡವಿದಳು. ಆಮೇಲೆ ಒಳಗೆ ಹೋಗಿ, ಮುರುಗೇಶರ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಐದು ಸ್ಕ್ರೂ ಸುಲಭವಾಗಿ ಬಿಚ್ಚಿದವು. ಆರನೆಯದು ಹಟ ಹಿಡಿಯಿತು. ಮಲ್ಲಮ್ಮ ಬಾಗಿಲು ಒತ್ತಿ ಹಿಡಿದು, "ಹೂಂ, ಹಾಕ್ರೀ ಶಕ್ತಿ, ಬೀಗರ ಕಿವಿ ಹಿಂಡಿದಂಗ" ಎಂದರು. ಒಳಮೈ ಮೇಲೆ ಎಲ್ಲಿ ಬೇಕೆಂದು ಅಮ್ಮ ಮಲಗಿ, ಕೈಚಾಚಿ, ಬೆರಳಿಟ್ಟು ತೋರಿಸಿದಳು. ಚಿಲಕವನ್ನು ಅಲ್ಲಿಗೇ ಕೂರಿಸಿದೆವು; ಹೊರಗೆ ಆರು ತೂತು ಉಳಿದವು.

ಹೊರಡುವ ಮುಂಚೆ ಮುರುಗೇಶ್ ಪೆಟ್ಟಿಗೆಯ ಪಕ್ಕಕ್ಕೆ ಒಮ್ಮೆ ತಟ್ಟಿ, "ಬರ್ತೀನಮ್ಮಾ" ಎಂದರು.

ಆ ರಾತ್ರಿ ಅಮ್ಮ ಪೆಟ್ಟಿಗೆಯ ಬಾಗಿಲು ತೆರೆದೇ ಮಲಗಿದಳು. ನಾನು ಕೆಳಗೆ ಹಾಸಿಕೊಂಡಿದ್ದೆ. ದೀಪ ಆರಿಸಿದ ಮೇಲೆ ಅವಳ ಕೈ ಅಂಚಿನಿಂದ ಇಳಿದು ಬಂದು ನನ್ನ ತಲೆ ಮುಟ್ಟಿ ನೋಡಿತು. ಇಪ್ಪತ್ತಮೂರು ವರ್ಷದ ಅಭ್ಯಾಸ.

ಮರುದಿನ ಬೆಳಿಗ್ಗೆ ಆರೂ ಹತ್ತಕ್ಕೆ ಎಚ್ಚರವಾಯಿತು. ಮೋಟರ್ ಹಾಕಲೆಂದು ದಿನವೂ ಐದಕ್ಕೆ ಏಳುತ್ತಿದ್ದ ಅಮ್ಮ ಇನ್ನೂ ಎದ್ದಿರಲಿಲ್ಲ. ಪೆಟ್ಟಿಗೆಯ ಎರಡೂ ರೆಕ್ಕೆ ಮುಚ್ಚಿದ್ದವು. ನಾನು ಸದ್ದಾಗದಂತೆ ಒಲೆ ಹಚ್ಚಿ, ಡಿಕಾಕ್ಷನ್ ಇಳಿಸಿ, ಎರಡು ಲೋಟ ಕಾಫಿ ಬೆರೆಸಿದೆ. ಒಂದನ್ನು ಕೆಳಗಿಟ್ಟು, ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಬಾಗಿಲು ತಟ್ಟಿದೆ.

ಒಳಗೆ ಹೊರಳಿದ ಸದ್ದು. "ಯಾರದು?"

"ನಾನು" ಎಂದೆ.

"ಒಂದ್ನಿಮಿಷ ಇರು."

ನಾನು ಲೋಟ ಹಿಡಿದುಕೊಂಡು ಹೊರಗೆ ಕಾದೆ.