ಸೀಟಿ ಊದದ ಭಾನುವಾರ

ಕೊಪ್ಪಳ ಜಿಲ್ಲೆಯಾಗಿ ಮೂರ್ನಾಲ್ಕು ವರ್ಷ ಕಳೆದಿದ್ದ ಕಾಲ. ಊರಿನ ಒಂದು ಸಣ್ಣ ನಿಸರ್ಗ ಬಳಗದಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಭಾಗ್ಯನಗರದ ನೇಕಾರ ಕುಟುಂಬಗಳನ್ನು ಭಾನುವಾರ ಹುಲಿಗಿಯ ಹೊಳೆದಂಡೆಗೆ ಕರೆದೊಯ್ದು ಹಕ್ಕಿ ತೋರಿಸುವುದು ನನ್ನ ಕೆಲಸ. ಬಸ್ಸು ಪುಕ್ಕಟೆ, ಉಪ್ಪಿಟ್ಟು ಪುಕ್ಕಟೆ. ಮೊದಲ ಸಲ ಬಸ್ಸು ತುಂಬಿತ್ತು, ಎರಡನೇ ಸಲ ಅರ್ಧ. ಮೂರನೇ ಸಲ ಡ್ರೈವರ್ ಮತ್ತು ನಾನು, ಇಬ್ಬರೇ. ನನಗೆ ಸಿಟ್ಟು ನೆತ್ತಿಗೇರಿತು.

"ಇನ್ನೊಂದ್ ಸಲ ನೋಡೂಣು, ಆಮ್ಯಾಲೆ ಬಂದ್," ಎಂದರು ನಮ್ಮ ಬಳಗದ ಹಿರಿಯರು. "ಮೊದ್ಲ ಅವರ ಮನಿಗೆ ಹೋಗಿ ಯಾಕ ಬರವಲ್ರು ಕೇಳ್ರಿ."

ಈ ಭಾನುವಾರದ ತಿರುಗಾಟ ಬಂದ್ ಆದರೆ ನನ್ನ ಕೆಲಸವೂ ಬಂದ್. ಮುಖ ಊದಿಸಿಕೊಂಡೇ ಹೋದೆ. ಮೊದಲ ಮನೆಯಲ್ಲೇ ಎರಡು ಮಗ್ಗ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಆ ಮನೆಯ ಅತ್ತೆ ಅಡುಗೆಮನೆಯಿಂದ ಏನೋ ಕೇಳಿ ಒದರಿದರು, ಸೊಸೆ ಮಗ್ಗದ ಬಳಿಯಿಂದ ಉತ್ತರ ಒದರಿದಳು. "ನಿಸರ್ಗದಿಂದ ನೀವು ಏನು ಬಯಸುತ್ತೀರಿ?" ಎಂಬ ನನ್ನ ಘನವಾದ ಪ್ರಶ್ನೆಯನ್ನು ನಾನೂ ಒದರಿದೆ. ಎರಡನೇ ಸಲ ಒದರುವಾಗ ನನಗೇ ನಾಚಿಕೆಯಾಯಿತು.

ಸೊಸೆ ನನ್ನ ರಟ್ಟೆ ಹಿಡಿದು ಓಣಿಯ ತುದಿಗೆ ಕರೆತಂದಳು.

"ಹಕ್ಕಿ ಛಲೋ ಅದಾವ್ರಿ ಅಕ್ಕಾರ. ಆದ್ರ ನಾವು ಬಾಯಿ ತಗದ್ರ ನೀವು ಸೀಟಿ ಊದತೀರಿ. ವಾರೆಲ್ಲಾ ಮಗ್ಗದ ಸದ್ದಿನಾಗ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ. ಮಗ್ಗ ನಿಂತ್ರೂ ಒದರೂ ರೂಢಿ ನಿಲ್ಲಂಗಿಲ್ಲ. ಹೊಳಿ ದಂಡಿಗೆ ಹೋದಾಗರ ನಾಕು ಮಾತಾಡಬಾರದೇನ್ರಿ?"

ಮಾತಾಡಿದರೆ ಹಕ್ಕಿ ಹಾರಿಹೋಗುತ್ತವೆಂದು ನಾನು ಸೀಟಿ ಊದುತ್ತಿದ್ದದ್ದು ನಿಜ. ಸದ್ದು ಮಾಡಬೇಡಿ ಎನ್ನಲು ಸೀಟಿ! ಅಲ್ಲೇ ನಗು ತಡೆಯಲಾಗಲಿಲ್ಲ. ಉಳಿದ ಮನೆಗಳಲ್ಲೂ ಹೆಚ್ಚುಕಡಿಮೆ ಅದೇ ಉತ್ತರ ಸಿಕ್ಕಿತು. ಜೊತೆಗೆ, ಉಪ್ಪಿಟ್ಟು ಬೇಡ, ಬುತ್ತಿ ತಾವೇ ತರುತ್ತೇವೆ ಎಂದರು.

ಮುಂದಿನ ಭಾನುವಾರ ಸೀಟಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಬಸ್ಸು ತುಂಬಿತ್ತು. ಅದುವರೆಗೆ ಒಮ್ಮೆಯೂ ಬಾರದಿದ್ದ ಆ ಅತ್ತೆ ಕೂಡ ರೊಟ್ಟಿಯ ಗಂಟು ಹಿಡಿದು ಹತ್ತಿದರು. ಹೊಳೆದಂಡೆಯ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜನ ಮಾತಾಡಿದ್ದೇ ಮಾತಾಡಿದ್ದು. ಆಚೆ ದಂಡೆಯ ಬೆಳ್ಳಕ್ಕಿಗಳು ತಮ್ಮ ಪಾಡಿಗೆ ಮೀನು ಹಿಡಿಯುತ್ತಿದ್ದವು.

ಸೊಸೆ ಅತ್ತೆಯ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಅತ್ತಿ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

ಅತ್ತೆ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು.

"ನಿನ್ನ ದನಿ ಇಷ್ಟು ಮೆತ್ತಗ ಐತೇನವಾ? ಮನ್ಯಾಗ ನೀ ಸಿಟ್ಟಿಲೆ ಒದರತಿ ಅಂತ ತಿಳಕೊಂಡಿದ್ನಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಸೊಸೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಗದ್ದಲಕ್ಕೆ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಹಾರಲಿ ಬಿಡು ಅಂದುಕೊಂಡೆ. ನನಗೆ ಹೇಳಲಾಗದಷ್ಟು ಖುಷಿಯಾಗಿತ್ತು.

ಭಾಗ್ಯನಗರದಲ್ಲಿ ಬಸ್ಸಿಳಿಯುವಾಗ ಅತ್ತೆ ನನ್ನತ್ತ ತಿರುಗಿದರು.

"ತಂಗೀ, ಬರೂ ಐತವಾರ ನನಗ ಈಕಿ ಬಾಜೂಕಿನ ಸೀಟ ಹಿಡದಿಡವಾ."