ವೆಬ್ ಸಮ್ಮೇಳನದಲ್ಲಿ ಬೋಪಣ್ಣ ಅಂಕಲ್ ಮೋಟಾರು

ನಮ್ಮ ಗದಗಿನ ಕಡೆ ಎಮ್ಮೆಯ ಕಿವಿಗೆ ಬಿಲ್ಲೆ ಹೊಡೆಯಲು ಇಬ್ಬರು ಅದನ್ನು ಅಮುಕಿ ಹಿಡಿಯಬೇಕು. ಇಲ್ಲಿ ಮಡಿಕೇರಿಯ ರೆಸಾರ್ಟಿನಲ್ಲಿ ಓದಿದ ಮನುಷ್ಯರು ಸಾಲಾಗಿ ನಿಂತು, ಹೆಸರು, ಊರು ಬರೆದ ಬಿಲ್ಲೆಯನ್ನು ತಾವಾಗಿಯೇ ಕೊರಳಿಗೆ ಹಾಕಿಕೊಂಡರು. ಓಪನ್‌ಸೋರ್ಸ್ ವೆಬ್ ಸಮ್ಮೇಳನವಂತೆ. ಓಪನ್‌ಸೋರ್ಸ್ ಎಂದರೆ ಯಾರೋ ಪುಕ್ಕಟೆ ಬರೆದು ಹಂಚಿದ ಸಾಫ್ಟ್‌ವೇರನ್ನು ಇನ್ಯಾರೋ ದುಡ್ಡಿಗೆ ಮಾರುವುದು. ಇನ್ಯಾರೋ ಎಂದರೆ ನಾನು. ಕುಶಾಲನಗರದಲ್ಲಿ ಕೂತು ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡುತ್ತೇನೆ. ಎಲ್ಲವೂ ಒಂದೇ ಸೈಟು, ಮಂಜಿನ ಫೋಟೋ ಮಾತ್ರ ಬೇರೆ. ಬಂದ ಹೊಸತರಲ್ಲಿ ನನ್ನ ಗದಗಿನ ಮಾತು ಕೇಳಿ ಬೇಕರಿಯವರು ನಗುತ್ತಿದ್ದರು. ಈಗ ಅವರ ಮಾತನ್ನೇ ಅಣಕಿಸಿ ಬನ್ನು ಕೊಳ್ಳುತ್ತೇನೆ.

ಸಮ್ಮೇಳನಕ್ಕೆ ಮನೆ ಓನರ್ ಬೋಪಣ್ಣ ಅಂಕಲ್ ಅವರನ್ನೂ ಕರೆದೊಯ್ದಿದ್ದೆ. ತಮ್ಮ ಹೊಸ ಹೋಂಸ್ಟೇಯ ವೆಬ್‌ಸೈಟ್ ಕೆಲಸವನ್ನು ಅವರು ಬೆಂಗಳೂರಿನವರಿಗೆ ಕೊಡುವವರಿದ್ದರು. ನನ್ನ ವಜನು ಕಣ್ಣಾರೆ ನೋಡಲಿ, ಕೆಲಸ ನನಗೇ ಸಿಗಲಿ ಎಂಬ ಆಸೆ.

ವೇದಿಕೆಯ ಮೇಲಿನವನು ಉಸಿರಿಗೊಮ್ಮೆ ‘ಕಮ್ಯುನಿಟಿ’ ಎನ್ನುತ್ತಿದ್ದ. ನಾವೆಲ್ಲ ಒಂದೇ ಕುಟುಂಬವಂತೆ. ಕುಟುಂಬದವರೋ, ಪಕ್ಕದವನ ಬಿಲ್ಲೆ ಓದಿ, ಕಂಪನಿ ಸಣ್ಣದಾದರೆ ಮುಖ ತಿರುಗಿಸುತ್ತಿದ್ದರು. ನೆಟ್‌ವರ್ಕ್ ಹೋದದ್ದೇ ತಡ, ಜಗತ್ತನ್ನು ಜೋಡಿಸಲು ಹೊರಟವರೆಲ್ಲ ಫೋನ್ ಎತ್ತಿ ಹಿಡಿದು ಅಂಗಳ ಸುತ್ತಿದರು. ನಮ್ಮೂರಲ್ಲಿ ಹಾಗೆ ಸುತ್ತುವವರು ಹರಕೆ ಹೊತ್ತವರು ಮಾತ್ರ.

ಚೆಂದ ಕಾಣಲೆಂದು ನನ್ನ ಬಿಲ್ಲೆಯಲ್ಲಿ ಊರು ‘ಕೊಡಗು’ ಎಂದು ಬರೆದುಕೊಂಡಿದ್ದೆ. ಅದನ್ನೋದಿದ ಸಂಘಟಕಿ ಕುಣಿದಳು.

"ವಾವ್, ಲೋಕಲ್ಲಾ! ಪ್ಲೀಸ್, ಸ್ಟೇಜಿಗೆ ಬಂದು ಕೊಡವ ಭಾಷೇಲಿ ಎಲ್ರಿಗೂ ವೆಲ್ಕಮ್ ಹೇಳಿ."

ಕೊಡವ ತಕ್ಕ್, ಅಂದರೆ ಕೊಡವರ ಮಾತಿನಲ್ಲಿ ನನಗೆ ಬರುವುದು ಒಂದೇ ತುಣುಕು: ಅಂಕಲ್ ಕೆಳಗಿನ ಮನೆಯಿಂದ ನನಗೆ ದಿನಾ ಬೈಯುವುದು. ಮೈಕು ಕೈಗೆ ಬಂತು. ಹಿಂದಿನ ಸಾಲಿನಲ್ಲಿ ಅಂಕಲ್. ಬರುವುದಿಲ್ಲ ಎಂದರೆ ಅವರೆದುರೇ ನನ್ನ ವಜನು ಮಣ್ಣುಪಾಲು. ಅವರದೇ ದನಿಯಲ್ಲಿ, ಅವರ ಕೆಮ್ಮನ್ನೂ ಸೇರಿಸಿ, ಬೈಗುಳವನ್ನು ಪೂರ್ತಿ ಒಪ್ಪಿಸಿದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ‘ಎಷ್ಟು ಇಂಪು!’ ಎಂದು ಒಬ್ಬ ಕಣ್ಣೊರೆಸಿಕೊಂಡ.

ಅಂಕಲ್ ಕಾಫಿ ಕಪ್ಪು ಹಿಡಿದು ಬಂದರು. "ಎಂಥ ಮಾರಾಯ ನೀನು! ಟ್ಯಾಂಕ್ ತುಂಬಿ ಚೆಲ್ತಾ ಉಂಟು, ಮೋಟಾರ್ ಆಫ್ ಮಾಡು ಸೋಮಾರಿ ಅಂತ ಇಷ್ಟು ಜನಕ್ಕೆ ಹೇಳೋದಾ?"

"ನನಗ ಬರೂದು ಅದೊಂದ ರೀ, ಅಂಕಲ್."

ಅಷ್ಟರಲ್ಲಿ ಸಂಘಟಕಿ ಬಂದಳು. "ಅಂಕಲ್, ಇವ್ರು ನಿಮ್ಮೋರಾ?"

ನಾನು ಅಂಕಲ್ ಬಾಯಿಯನ್ನೇ ನೋಡುತ್ತ ನಿಂತೆ.

"ನಮ್ಮ ಮನೆಯವನೇ," ಎಂದರು. ಅವಳು ಹೋದ ಮೇಲೆ, "ಸುಳ್ಳೇನಲ್ಲ, ಮೇಲಿನ ರೂಮಲ್ಲೇ ಅಲ್ವಾ ಇರೋದು? ವೆಬ್‌ಸೈಟ್ ನೀನೇ ಮಾಡು. ನನ್ನ ಬೈಗುಳ ಮಾತ್ರ ಅದ್ರಲ್ಲಿ ಹಾಕ್ಬೇಡ."

ಸಂಜೆ ರೂಮಿಗೆ ಬಂದು, ಕೆಲಸ ಸಿಕ್ಕ ಸುದ್ದಿ ಹೇಳಲು ಅವ್ವನಿಗೆ ಫೋನ್ ಹಚ್ಚಿದೆ. ಅವಳು ‘ಹಲೋ’ ಎನ್ನುವಷ್ಟರಲ್ಲಿ ಕೆಳಗಿನಿಂದ ಅದೇ ಸ್ವಾಗತ ಭಾಷಣ ಶುರುವಾಯಿತು. ನಾನೂ ಅದನ್ನೇ, ಅದೇ ದನಿಯಲ್ಲಿ ತಿರುಗಿ ಕೂಗಿ, ಮೋಟಾರ್ ಆಫ್ ಮಾಡಿದೆ.

ಅವ್ವ ಗಾಬರಿಯಾದಳು. "ಯಾರ್ರೀ ನೀವು? ಫೋನು ನಮ್ಮ ಹುಡುಗನ ಕೈಯಾಗ ಕೊಡ್ರಿ."

ಅಂಕಲ್ ದನಿ ಬಿಟ್ಟು ಅವಳ ಹುಡುಗನ ಕೈಗೆ ಫೋನ್ ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.